ಉಗಿಬಂಡಿಗೆ ಸ್ವಿಚ್ ಇಲ್ಲ: ಸಣ್ಣ ಎಂಜಿನ್ ಓಡಿಸುವವರಿಗೂ ನೋಡಲು ಬರುವವರಿಗೂ

ಪುಣೆಯ ಮಕ್ಕಳಿಗೆ ಪುಟ್ಟ ರೈಲು ಅಂದರೆ ನೆನಪಾಗುವುದು ಎರಡು. ಪೇಶ್ವೆ ಪಾರ್ಕಿನಲ್ಲಿ 1956ರಲ್ಲಿ ಶುರುವಾದ ಫುಲರಾಣಿ ಒಂದು, ಕರ್ವೆ ರಸ್ತೆ ಕಡೆಯ ಜೋಶಿಯವರ ಮಿನಿಯೇಚರ್ ರೈಲ್ವೆ ಮ್ಯೂಸಿಯಂ ಇನ್ನೊಂದು. ಎರಡೂ ಒಳ್ಳೆಯವೇ. ಆದರೆ ಅಲ್ಲಿ ಡೀಸೆಲ್ ಅಥವಾ ಕರೆಂಟು ಕೆಲಸ ಮಾಡುತ್ತದೆ, ಹಾಗಾಗಿ ಬಂಡಿ ಹೇಳಿದಾಗ ಹೊರಡುತ್ತದೆ, ಹೇಳಿದಾಗ ನಿಲ್ಲುತ್ತದೆ. ಅದೇ ಕುಟುಂಬ ನಿಜವಾದ ಉಗಿ ಎಂಜಿನ್ ಓಡುವ ಜಾಗಕ್ಕೆ ಬೆಳಿಗ್ಗೆ ಹತ್ತಕ್ಕೆ ಬಂದು ನಿಂತರೆ ಹತ್ತೂಕಾಲಿಗೆ ಕೇಳುವ ಪ್ರಶ್ನೆ ಯಾವ ಭಾಷೆಯಲ್ಲಾದರೂ ಒಂದೇ. "ಗಾಡೀ ಕಧೀ ಸುಟಣಾರ್?" ಅಂತ ಪುಣೆಯವರು, "ಯಾವಾಗ ಬಿಡ್ತಾರ್ರೀ?" ಅಂತ ನಮ್ಮವರು.

ನಮ್ಮವರಲ್ಲಿ ಹಿರಿಯರ ನಿರೀಕ್ಷೆ ಬೇರೆ ಥರದ್ದು. ಪುಣೆ-ಮಿರಜ ಮಾರ್ಗ 1970ರ ಆಸುಪಾಸಿನವರೆಗೂ ಮೀಟರ್ ಗೇಜ್ ಆಗಿತ್ತು, ಅಂದರೆ ಎರಡು ಹಳಿಗಳ ನಡುವೆ ಒಂದು ಮೀಟರ್ ಅಂತರ. ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಹಿರಿಯರ ಕಿವಿಯಲ್ಲಿ ಆ ಎಂಜಿನ್‌ಗಳ ಸದ್ದು ಇನ್ನೂ ಇದೆ. ವಿಜಯಪುರ, ಕಲಬುರಗಿ ಕಡೆಯ ಅಜ್ಜಿಯರಲ್ಲಿ ಕೆಲವರು ಬಾರ್ಸಿ ಲೈಟ್ ರೈಲ್ವೆಯ ಪುಟ್ಟ ಡಬ್ಬಿಗಳಲ್ಲಿ ಕೂತು ಪಂಢರಪುರಕ್ಕೆ ವಿಠ್ಠಲನ ದರ್ಶನಕ್ಕೆ ಹೋದವರು. ಅವರಿಗೆ ಬೇಕಾದದ್ದು ದೊಡ್ಡ ಹೊಗೆ, ದೊಡ್ಡ ಸೀಟಿ, ಆ ವಾಸನೆ. ಮಗುವಿಗೆ ತಕ್ಷಣ ಬೇಕು, ಅಜ್ಜಿಗೆ ಹಳೆಯದೇ ಬೇಕು. ಬಾಯ್ಲರ್ ಈ ಇಬ್ಬರ ಮಾತನ್ನೂ ಕೇಳುವುದಿಲ್ಲ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಮ್ಯೂಸಿಯಂಗಳಲ್ಲಿ ಜನ ಬೇಸರಪಡುವುದಕ್ಕೆ ಎಂಜಿನ್ ಕಾರಣವಲ್ಲ, ವೇಳಾಪಟ್ಟಿ ಕಾರಣ. ಟಿಕೆಟ್ ಕಿಟಕಿಯ ಅನುಕೂಲಕ್ಕೆ ವೇಳಾಪಟ್ಟಿ ಬರೆದು, ಆಮೇಲೆ ಬಾಯ್ಲರನ್ನು ಅದಕ್ಕೆ ಹೊಂದಿಸಲು ಹೋಗುತ್ತಾರೆ. ಮೊದಲು ಬಾಯ್ಲರಿನ ದಿನಚರಿ ಬರೆದುಕೊಂಡು, ಅದನ್ನೇ ಗೇಟಿನಲ್ಲಿ ಜನರಿಗೆ ತಿಳಿಸಿದರೆ ಕಾಯುವ ಹೊತ್ತೂ ನೋಡುವ ಹೊತ್ತಾಗುತ್ತದೆ.

ಸಣ್ಣ ಎಂಜಿನ್ ಅಂದಾಗ ಎರಡು ಜಾತಿ ಮನಸ್ಸಿನಲ್ಲಿರಲಿ. ಒಂದು ನಿಜವಾದ ನ್ಯಾರೋಗೇಜ್: 1907ರಲ್ಲಿ ಶುರುವಾದ ನೇರಳ್-ಮಾಥೇರಾನ್ ಮಾರ್ಗದ ಎರಡಡಿ ಗೇಜು, 610 ಮಿ.ಮೀ.; 1897ರ ಬಾರ್ಸಿ ಮಾರ್ಗದ ಎರಡೂವರೆ ಅಡಿ, 762 ಮಿ.ಮೀ. ಇನ್ನೊಂದು ಜನ ಮೇಲೆ ಕೂತು ಹೋಗುವ ಮಾದರಿ ಎಂಜಿನ್: ಐದು ಇಂಚು ಅಥವಾ ಏಳೂಕಾಲು ಇಂಚು ಗೇಜಿನದು. ಗಾತ್ರ ಬೇರೆ, ತತ್ವ ಒಂದೇ, ಕೆಡುವ ರೀತಿಯೂ ಬಹುಪಾಲು ಒಂದೇ.

ಎರಡಡಿ ಗೇಜಿನ ಎಂಜಿನ್ ಹನ್ನೊಂದು ಗಂಟೆಗೆ ಹೊರಡಬೇಕಾದರೆ ಬೆಂಕಿ ಬೆಳಿಗ್ಗೆ ಏಳಕ್ಕೆ ಬಿದ್ದಿರಬೇಕು. ಬಾಯ್ಲರ್ ಪೂರ್ತಿ ತಣ್ಣಗಿದ್ದರೆ ಹಿಂದಿನ ಸಂಜೆಯೇ ಸಣ್ಣ ಸೌದೆ ಬೆಂಕಿ ಹಾಕಿ ನೀರನ್ನು ಬೆಚ್ಚಗೆ ಮಾಡಿಡುವುದು ಉತ್ತಮ. ಅವಸರ ಮಾಡಿದರೆ ಬೆಂಕಿ ಉರಿಯುವ ಪೆಟ್ಟಿಗೆ, ಅಂದರೆ ಫೈರ್‌ಬಾಕ್ಸ್, ಬೇಗ ಹಿಗ್ಗುತ್ತದೆ, ಹೊರಗಿನ ತಗಡು ಇನ್ನೂ ತಣ್ಣಗೇ ಇರುತ್ತದೆ. ಆ ಎಳೆದಾಟವೆಲ್ಲ ಬಿಸಿ ಹೊಗೆ ನೀರಿನ ನಡುವೆ ಹಾಯುವ ಟ್ಯೂಬುಗಳ ತುದಿಗಳ ಮೇಲೆ, ತಗಡುಗಳನ್ನು ಬಿಗಿದು ಹಿಡಿಯುವ ಸ್ಟೇಗಳ ಮೇಲೆ ಬೀಳುತ್ತದೆ. ಅಲ್ಲಿ ಜಿನುಗಲು ಶುರುವಾದರೆ ಆ ದಿನದ ಓಟ ಮುಗಿದಂತೆ. ಐದು ಇಂಚಿನ ಎಂಜಿನ್ನಿನ ತಾಮ್ರದ ಬಾಯ್ಲರ್ ಅರ್ಧದಿಂದ ಮುಕ್ಕಾಲು ಗಂಟೆಯಲ್ಲಿ ಸಿದ್ಧವಾಗುತ್ತದೆ, ಉಕ್ಕಿನದಕ್ಕೆ ಇನ್ನಷ್ಟು ಹೊತ್ತು ಕೊಡಬೇಕು. ಇಲ್ಲಿ ಸೀಮೆಎಣ್ಣೆಯಲ್ಲಿ ನೆನೆಸಿದ ಇದ್ದಿಲು ಹಾಕಿ, ಹೊಗೆ ಕೊಳವೆಯ ಬಾಯಿಗೆ ಗಾಳಿ ಎಳೆಯುವ ಸಣ್ಣ ಕರೆಂಟ್ ಫ್ಯಾನ್ ಕೂರಿಸುತ್ತಾರೆ. ಒತ್ತಡ ಒಂದು-ಒಂದೂವರೆ ಕೆ.ಜಿ.ಗೆ (ಚದರ ಸೆಂಟಿಮೀಟರಿಗೆ ಇಷ್ಟು ಕೆ.ಜಿ. ಎಂಬ ಲೆಕ್ಕ) ಬಂದ ಮೇಲೆ ಫ್ಯಾನ್ ತೆಗೆದು, ಹಬೆ ಚಿಮ್ಮಿಸಿ ಗಾಳಿ ಎಳೆಯುವ ಎಂಜಿನ್ನಿನ ಸ್ವಂತ ಬ್ಲೋವರ್ ತೆರೆದರೆ ಸಾಕು.

ಬೆಂಕಿಗೆ ಮೊದಲು ಮಾಡಬೇಕಾದ ಕೆಲಸವೇ ಹೆಚ್ಚು. ಹೊಗೆ ಕೊಳವೆಯ ಕೆಳಗಿನ ಪೆಟ್ಟಿಗೆಯಾದ ಸ್ಮೋಕ್‌ಬಾಕ್ಸಿನಲ್ಲಿ ಉಳಿದ ಕರಿಯನ್ನು ಬಾಚಿ ತೆಗೆಯಬೇಕು, ಬಾಗಿಲು ಗಾಳಿಯಾಡದಂತೆ ಕೂತಿದೆಯೇ ನೋಡಬೇಕು. ಅಲ್ಲಿ ಗಾಳಿ ಸೋರಿದರೆ ಬೆಂಕಿಗೆ ಸೆಳೆತ ಸಿಗುವುದಿಲ್ಲ, ಒಳಗಿನ ಕರಿ ಹೊತ್ತಿ ಬಾಗಿಲು ಸೊಟ್ಟಗಾಗುತ್ತದೆ. ಟ್ಯೂಬುಗಳಿಗೆ ಬ್ರಷ್, ಬೂದಿತಟ್ಟೆ ಖಾಲಿ, ಬೆಂಕಿ ಕೂರುವ ಗ್ರೇಟಿನ ಸರಳುಗಳ ಮಧ್ಯೆ ಸಿಕ್ಕ ಕಿಟ್ಟ ತೆರವು. ಬೇರಿಂಗಿಗೆ ಒಂದು ಎಣ್ಣೆ, ಹಬೆ ಪಿಸ್ಟನ್ ತಳ್ಳುವ ಸಿಲಿಂಡರಿಗೆ ಬೇರೆಯೇ ದಪ್ಪ ಎಣ್ಣೆ. ಇವೆರಡನ್ನು ಅದಲುಬದಲು ಮಾಡಿದರೆ ಹಬೆಯ ಬಿಸಿಗೆ ತೆಳು ಎಣ್ಣೆ ತೊಳೆದುಹೋಗಿ ವಾಲ್ವುಗಳು ಒಣಗಿ ಉಜ್ಜಿಕೊಳ್ಳುತ್ತವೆ.

ಎಲ್ಲಕ್ಕಿಂತ ಮೊದಲು ನೀರಿನ ಮಟ್ಟ. ಗೇಜ್ ಗ್ಲಾಸಿನಲ್ಲಿ ನೀರು ಕಾಣುತ್ತಿದೆ ಅಂದಮಾತ್ರಕ್ಕೆ ನಂಬುವ ಹಾಗಿಲ್ಲ. ಹಬೆ ಬಂದ ಮೇಲೆ ಕೆಳಗಿನ ಡ್ರೇನ್ ತೆರೆಯಿರಿ, ಮೇಲಿನ ಹಬೆ ಕಾಕ್ ಮುಚ್ಚಿ. ನೀರು ಜೋರಾಗಿ ಬರಬೇಕು. ಆಮೇಲೆ ಹಬೆ ಕಾಕ್ ತೆರೆದು ನೀರಿನದು ಮುಚ್ಚಿ. ಬರೀ ಹಬೆ ಬರಬೇಕು. ಎರಡನ್ನೂ ತೆರೆದು ಡ್ರೇನ್ ಮುಚ್ಚಿದಾಗ ನೀರು ತಟ್ಟನೆ ಮೇಲೇರಬೇಕು. ನಿಧಾನಕ್ಕೆ ಏರಿದರೆ ಎಲ್ಲೋ ಕಟ್ಟಿಕೊಂಡಿದೆ, ಬೆಂಕಿ ಬೆಳೆಸಬೇಡಿ. ಫೈರ್‌ಬಾಕ್ಸಿನ ನೆತ್ತಿಯ ತಗಡು ನೀರಿನಿಂದ ಹೊರಬಂದರೆ ಕೆಲವೇ ನಿಮಿಷಗಳಲ್ಲಿ ಮೆತ್ತಗಾಗುತ್ತದೆ. ದೊಡ್ಡ ಎಂಜಿನ್‌ಗಳಲ್ಲಿ ಅಲ್ಲಿರುವ ಸೀಸದ ಪ್ಲಗ್ ಸುಮಾರು 327 ಡಿಗ್ರಿ ಸೆಲ್ಸಿಯಸ್‌ಗೆ ಕರಗಿ ಹಬೆಯನ್ನು ಬೆಂಕಿಗೆ ಬಿಟ್ಟು ಎಚ್ಚರಿಸುತ್ತದೆ. ಆದರೆ ಅದು ಕೊನೆಯ ಎಚ್ಚರಿಕೆ, ಅದರ ಮೇಲೆ ಭಾರ ಹಾಕಿ ಕೆಲಸ ಮಾಡುವಂತಿಲ್ಲ. ಇಳಿಜಾರಿನಲ್ಲಿ ಗ್ಲಾಸು ಸುಳ್ಳು ಹೇಳುತ್ತದೆ ಎಂಬುದೂ ನೆನಪಿರಲಿ. ಏರಿನಲ್ಲಿ ಸಾಕಷ್ಟು ಕಂಡ ನೀರು ಇಳಿತಕ್ಕೆ ಬಂದಾಗ ಅರ್ಧ ಮಾಯವಾಗುತ್ತದೆ.

ನಮ್ಮೂರಿನ ವಿಶೇಷ ತೊಂದರೆ ಏಪ್ರಿಲ್-ಮೇ ತಿಂಗಳ ಇಂಜೆಕ್ಟರ್. ಬಾಯ್ಲರಿಗೆ ನೀರು ತಳ್ಳುವ ಈ ಸಣ್ಣ ಹಿತ್ತಾಳೆ ತುಂಡು ಹಬೆಯನ್ನು ತಣ್ಣೀರಿನಲ್ಲಿ ಸಾಂದ್ರಗೊಳಿಸಿ ಕೆಲಸ ಮಾಡುತ್ತದೆ. ನೀರೇ ಬಿಸಿಯಾಗಿದ್ದರೆ ಹಬೆ ಸರಿಯಾಗಿ ಸಾಂದ್ರವಾಗದೆ ಕೊಳವೆಯಿಂದ ನೀರು, ಹಬೆ ಎರಡೂ ಹೊರಗೆ ಸುರಿಯುತ್ತವೆ. ಪಕ್ಕದ ಟ್ಯಾಂಕುಗಳು ಬಾಯ್ಲರಿಗೆ ಅಂಟಿಕೊಂಡೇ ಇರುತ್ತವೆ, ಮೇಲಿಂದ ಪುಣೆಯ ಬಿಸಿಲು. ಮಧ್ಯಾಹ್ನದ ಹೊತ್ತಿಗೆ ಟ್ಯಾಂಕಿನ ನೀರು ಮುಟ್ಟಲಾಗದಷ್ಟು ಕಾದರೆ ಇಂಜೆಕ್ಟರ್ ಕೈಕೊಡುವುದು ಖಂಡಿತ. ನಲವತ್ತು ಡಿಗ್ರಿ ದಾಟಿದ ನೀರನ್ನು ಅನುಮಾನದಿಂದಲೇ ನೋಡಿ. ಎಂಜಿನ್ ನಿಲ್ಲುವ ಜಾಗಕ್ಕೆ ನೆರಳು ಮಾಡಿ, ಟ್ಯಾಂಕ್ ಪೂರ್ತಿ ಖಾಲಿಯಾಗಲು ಬಿಡದೆ ಆಗಾಗ ತಣ್ಣೀರು ತುಂಬಿ, ನೀರು ಅರ್ಧ ಗ್ಲಾಸಿಗೆ ಇಳಿಯುವ ಮೊದಲೇ ಇಂಜೆಕ್ಟರ್ ಹಚ್ಚಿ. ಇಷ್ಟಾದರೂ ಹಿಡಿಯದಿದ್ದರೆ ಒಳಗಿನ ಕೋನುಗಳಲ್ಲಿ ಸುಣ್ಣ ಕೂತಿರಬಹುದು. ಬಿಚ್ಚಿ ಸಿಟ್ರಿಕ್ ಆಸಿಡ್ ದ್ರಾವಣದಲ್ಲಿ ನೆನೆಸಿದರೆ ಬಿಟ್ಟುಕೊಳ್ಳುತ್ತದೆ. ತಂತಿ ಹಾಕಿ ಕೆರೆಯಬೇಡಿ, ಕೋನಿನ ಅಳತೆ ಕೂದಲೆಳೆಯಷ್ಟು ಕೆಟ್ಟರೂ ಅದು ಮತ್ತೆ ಕೆಲಸ ಮಾಡುವುದಿಲ್ಲ. ಎರಡನೆಯ ದಾರಿಯಾಗಿ ಕೈಪಂಪೋ ಗಾಲಿಯ ಅಚ್ಚಿನಿಂದ ಓಡುವ ಪಂಪೋ ಇಲ್ಲದ ಎಂಜಿನ್ನನ್ನು ಜನರ ಮುಂದೆ ತರಲೇಬಾರದು.

ಬೋರ್‌ವೆಲ್ ನೀರು ಬೇಡ ಅಂತ ಯಾಕೆ ಹೇಳುತ್ತಾರೆ ಅಂದರೆ ಗಡಸುತನ ಒಂದೇ ಕಾರಣವಲ್ಲ. ಹಬೆ ಹೋಗುತ್ತದೆ, ಲವಣ ಉಳಿಯುತ್ತದೆ, ಉಳಿದ ನೀರು ದಪ್ಪವಾಗುತ್ತಾ ನೊರೆಯಾಗುತ್ತದೆ. ಆ ನೊರೆ ಹಬೆಯ ಜೊತೆ ಸಿಲಿಂಡರಿಗೆ ಬಂದರೆ ನೀರು ಕುಗ್ಗುವ ವಸ್ತುವಲ್ಲವಾದ್ದರಿಂದ ಸಿಲಿಂಡರಿನ ಮುಚ್ಚಳ ಒಡೆಯಬಹುದು, ರಾಡು ಬಾಗಬಹುದು. ಹೊಗೆ ಕೊಳವೆಯಿಂದ ಕಪ್ಪು ಹನಿಗಳು ಚಿಮ್ಮತೊಡಗಿ ಛುಕ್ ಛುಕ್ ಸದ್ದು ಮಂಕಾದರೆ ಸಿಲಿಂಡರಿಗೆ ಹಬೆ ಬಿಡುವ ರೆಗ್ಯುಲೇಟರ್ ತಗ್ಗಿಸಿ ಸಿಲಿಂಡರಿನ ಡ್ರೇನ್ ಕಾಕ್ ತೆರೆಯಬೇಕು. ಮೊದಲ ಡಬ್ಬಿಯಲ್ಲಿ ಕೂತವರ ಬಿಳಿ ಅಂಗಿಗೆ ಚುಕ್ಕೆ ಬೀಳುವುದೂ ಆಗಲೇ. ಓಟದ ದಿನ ಬಾಯ್ಲರಿನ ತಳದಿಂದ ಸ್ವಲ್ಪ ನೀರನ್ನು ಹೊರಬಿಟ್ಟು ಹೊಸ ನೀರು ತುಂಬಿದರೆ ಇದು ಬಹುಪಾಲು ತಪ್ಪುತ್ತದೆ.

ಕಲ್ಲಿದ್ದಲಿನದು ಇನ್ನೊಂದು ಕಥೆ. ನಮ್ಮ ದೇಶದ ಹೆಚ್ಚಿನ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಪಾಲಿನಷ್ಟು, ಕೆಲವೊಮ್ಮೆ ಅದಕ್ಕೂ ಮೀರಿ ಬೂದಿಯೇ. ಸಣ್ಣ ಗ್ರೇಟಿನಲ್ಲಿ ಆ ಬೂದಿ ಕರಗಿ ಚಪ್ಪಡಿಯಂತೆ ಕಿಟ್ಟ ಕಟ್ಟುತ್ತದೆ, ಕೆಳಗಿನಿಂದ ಗಾಳಿ ಬರುವುದೇ ನಿಲ್ಲುತ್ತದೆ. ಹೀಗಾಗಿ ಮಧ್ಯಾಹ್ನ ಒಂದು ಸಲ ಬೆಂಕಿ ಸ್ವಚ್ಛ ಮಾಡಲು ಅರ್ಧ ಗಂಟೆ ವೇಳಾಪಟ್ಟಿಯಲ್ಲೇ ಇಟ್ಟುಕೊಳ್ಳಬೇಕು. ಒಳ್ಳೆಯ ಕಲ್ಲಿದ್ದಲು ಒಂದು ಕೆ.ಜಿ. ಸುಟ್ಟರೆ ಆರೇಳು ಲೀಟರ್ ನೀರು ಹಬೆಯಾಗುತ್ತದೆ, ಬೂದಿ ಹೆಚ್ಚಿದ್ದರೆ ಅಷ್ಟೂ ಇಲ್ಲ. ಐದು ಇಂಚಿನ ಎಂಜಿನ್ನಿಗೆ ಅಡಿಕೆ ಗಾತ್ರಕ್ಕಿಂತ ದೊಡ್ಡ ತುಂಡು ಬೇಡ, ಎರಡಡಿಯದಕ್ಕೆ ಮುಷ್ಟಿ ಗಾತ್ರ ಸಾಕು. ಪುಡಿಯನ್ನು ಜರಡಿ ಹಿಡಿದು ಬಿಡಿ. ಸ್ವಲ್ಪ ಸ್ವಲ್ಪವೇ, ಆಗಾಗ, ಹಿಂದಿನ ಮೂಲೆಗಳಿಗೆ ಮೊದಲು. ರೆಗ್ಯುಲೇಟರ್ ಮುಚ್ಚುವ ಮುನ್ನ ಬ್ಲೋವರ್ ತೆರೆಯುವುದನ್ನು ಕೈಗೆ ರೂಢಿ ಮಾಡಿಸಬೇಕು. ಸೆಳೆತ ತಟ್ಟನೆ ನಿಂತರೆ ಬೆಂಕಿ ಬಾಗಿಲಿನಿಂದ ಹೊರಗೆ ಕ್ಯಾಬಿಗೇ ನುಗ್ಗುತ್ತದೆ. ಕ್ಯಾಬಿನಲ್ಲಿ ನಿಂತು ಫೋಟೊ ಬೇಕು ಎಂದು ಹಟ ಹಿಡಿಯುವವರಿಗೆ ಇಲ್ಲ ಎನ್ನಲು ಈ ಒಂದು ಕಾರಣವೇ ಸಾಕು. ಎಂಜಿನ್ ನಿಂತಿರುವಾಗ, ಒಬ್ಬರನ್ನೇ, ಮುಚ್ಚಿದ ಚಪ್ಪಲಿ ಹಾಕಿದ್ದರೆ ಹತ್ತಿಸಬಹುದು.

ಇನ್ನು ಹೊಗೆ. ಹಿರಿಯರು ನಿರೀಕ್ಷಿಸುವ ದಟ್ಟ ಕಪ್ಪು ಹೊಗೆ ಕೆಟ್ಟ ಬೆಂಕಿಯ ಲಕ್ಷಣ: ಗಾಳಿ ಸಾಲದೆ ಕಲ್ಲಿದ್ದಲು ಅರೆಬೆಂದು ಹೋಗುತ್ತಿದೆ. ಸರಿಯಾಗಿ ಉರಿದರೆ ಮೇಲೆ ತೆಳು ಬೂದು ಬಣ್ಣದ ಮಬ್ಬು ಮಾತ್ರ ಕಾಣಬೇಕು. ಕ್ಯಾಮೆರಾಗಾಗಿ ಕಪ್ಪು ಹೊಗೆ ಬಿಡುವ ಚಾಲಕರಿದ್ದಾರೆ, ನನಗದು ಸ್ವಲ್ಪವೂ ಒಪ್ಪಿಗೆಯಿಲ್ಲ. ಟ್ಯೂಬುಗಳಲ್ಲಿ ಮಸಿ ಕಟ್ಟುತ್ತದೆ, ಅಕ್ಕಪಕ್ಕದ ಸೊಸೈಟಿಯವರು ದೂರು ಕೊಡುತ್ತಾರೆ, ಕೊನೆಗೆ ಬಂಡಿಯೇ ನಿಲ್ಲುತ್ತದೆ. ಬಿಳಿಯಾಗಿ ಉಕ್ಕುವ ಮೋಡ ಬೇಕಿದ್ದರೆ ಡಿಸೆಂಬರ್-ಜನವರಿಯ ಮುಂಜಾನೆ ಬನ್ನಿ ಅಂತ ಹೇಳಿ. ಅದು ಹಬೆ ತಣ್ಣನೆ ಗಾಳಿಗೆ ಹನಿಗಟ್ಟುವುದು. ಮೇ ತಿಂಗಳ ಮಧ್ಯಾಹ್ನ ಅದೇ ಹಬೆ ಕಣ್ಣಿಗೆ ಕಾಣುವುದೇ ಇಲ್ಲ.

ಸದ್ದಿನ ಬಗ್ಗೆಯೂ ಮೊದಲೇ ಹೇಳಿಬಿಡುವುದು ಒಳ್ಳೆಯದು. ಎರಡು ಸಿಲಿಂಡರಿನ ಎಂಜಿನ್ ಗಾಲಿಯ ಒಂದು ಸುತ್ತಿಗೆ ನಾಲ್ಕು ಸಲ ಉಸಿರು ಬಿಡುತ್ತದೆ. ಮೀಟರ್ ಗೇಜಿನ ವೈಪಿ ಎಂಜಿನ್ನಿನ ಚಾಲಕ ಗಾಲಿ 1372 ಮಿ.ಮೀ. ವ್ಯಾಸದ್ದು, ಗಂಟೆಗೆ ಹತ್ತು ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಎರಡೂವರೆ ಸದ್ದು ಕೇಳಿಸುತ್ತದೆ. 600 ಮಿ.ಮೀ. ಗಾಲಿಯ ಸಣ್ಣ ಎಂಜಿನ್ನಿನಲ್ಲಿ ಅದೇ ವೇಗಕ್ಕೆ ಸೆಕೆಂಡಿಗೆ ಆರು. ಅಜ್ಜನ ನೆನಪಿನ ಗಂಭೀರ ಛುಕ್... ಛುಕ್... ಇಲ್ಲಿ ಸಿಗುವುದು ಹೊರಡುವ ಮೊದಲ ಹತ್ತು ಹದಿನೈದು ಮೀಟರಿನಲ್ಲಿ ಮಾತ್ರ. ಹಾಗಾಗಿ ಸದ್ದಿಗಾಗಿ ಬಂದವರನ್ನು ಡಬ್ಬಿಗೆ ಹತ್ತಿಸುವ ಮೊದಲು ಒಂದು ಓಟ ಪ್ಲಾಟ್‌ಫಾರ್ಮಿನ ಮುಂದಿನ ತುದಿಯಲ್ಲಿ ನಿಲ್ಲಿಸಿ. ಹಗ್ಗ ಮಾತ್ರ ಮೂರು ಮೀಟರ್ ದೂರದಲ್ಲಿರಲಿ. ತಣ್ಣಗಿನ ಸಿಲಿಂಡರಿನಲ್ಲಿ ನಿಂತ ನೀರನ್ನು ಹೊರಹಾಕಲು ಚಾಲಕ ಕಾಕ್ ತೆರೆದೇ ಹೊರಡುತ್ತಾನೆ, ಕುದಿವ ನೀರು ಮೊಣಕಾಲೆತ್ತರಕ್ಕೆ ಪಕ್ಕಕ್ಕೇ ಚಿಮ್ಮುತ್ತದೆ. ಸೆಲ್ಫಿಗೆ ಜನ ಆರಿಸುವ ಜಾಗವೂ ಅದೇ.

ಈಗ ಲೆಕ್ಕಕ್ಕೆ ಬರೋಣ. ಅರ್ಧ ಕಿ.ಮೀ. ಸುತ್ತಿನ ಹಳಿ, ಇಪ್ಪತ್ತನಾಲ್ಕು ಜನ ಹಿಡಿಯುವ ಡಬ್ಬಿಗಳು ಅಂದುಕೊಳ್ಳಿ. ಓಟ ಆರು ನಿಮಿಷ, ಇಳಿದು ಹತ್ತಲು ಐದಾರು ನಿಮಿಷ, ನೀರು-ಬೆಂಕಿ-ಎಣ್ಣೆಗೆ ಉಳಿದದ್ದು. ಇಪ್ಪತ್ತು ನಿಮಿಷಕ್ಕೊಂದು ಓಟ ಆರಾಮವಾಗಿ ನಡೆಯುತ್ತದೆ. ಗಂಟೆಗೆ 72 ಜನ, ಹನ್ನೊಂದರಿಂದ ಒಂದು ಮತ್ತು ಎರಡರಿಂದ ನಾಲ್ಕು, ಒಟ್ಟು 288. ಟಿಕೆಟ್ 260 ಮಾತ್ರ ಮಾರಿ. ದೀಪಾವಳಿ ರಜೆಯಲ್ಲಿ ಆರುನೂರು ಜನ ಬಂದರು ಅಂತ ಹದಿನೈದು ನಿಮಿಷಕ್ಕೊಂದು ಓಟ ಮಾಡಹೊರಟರೆ ನಾಲ್ಕನೆಯ ಓಟದ ಹೊತ್ತಿಗೆ ಒತ್ತಡವೂ ನೀರೂ ಒಟ್ಟಿಗೆ ಇಳಿಯುತ್ತವೆ, ಫೈರ್‌ಮ್ಯಾನ್ ಎರಡರ ಹಿಂದೆಯೂ ಓಡಬೇಕಾಗುತ್ತದೆ. ಉಳಿದ ಮುನ್ನೂರ ನಲವತ್ತು ಜನರಿಗೆ ಟಿಕೆಟ್ ಮುಗಿದಿದೆ ಅನ್ನುವುದನ್ನು ಗೇಟಿನಲ್ಲಿ, ಪಾರ್ಕಿಂಗ್ ದುಡ್ಡು ಕೊಡುವ ಮೊದಲೇ ಹೇಳಬೇಕು. ಥಾಣೆ, ಡೊಂಬಿವಲಿಯಿಂದ ಎಕ್ಸ್‌ಪ್ರೆಸ್‌ವೇ ಹಿಡಿದು ಬಂದವರಿಗೆ ಪ್ಲಾಟ್‌ಫಾರ್ಮಿನಲ್ಲಿ ಆ ಮಾತು ಹೇಳುವುದು ಅನ್ಯಾಯ.

ಗೇಟಿನ ಪಕ್ಕ ಒತ್ತಡ ತೋರಿಸುವ ಒಂದು ಮೀಟರ್ ಅಗಲದ ಮರದ ಗಡಿಯಾರ ನಿಲ್ಲಿಸಿ, ಕೈಯಿಂದ ತಿರುಗಿಸುವ ಮುಳ್ಳು ಸಾಕು. "ಈಗ 4 ಕೆ.ಜಿ. ಹೊರಡುವುದು 10 ಕೆ.ಜಿ.ಗೆ." ಮರಾಠಿ, ಹಿಂದಿ, ಕನ್ನಡ ಮೂರರಲ್ಲೂ ಬರೆಯಿರಿ. ಮನೆಯ ಕುಕರಿನ ಸೀಟಿ ಸುಮಾರು ಒಂದು ಕೆ.ಜಿ. ಒತ್ತಡಕ್ಕೇ ಏಳುತ್ತದೆ ಅಂತ ಪಕ್ಕದಲ್ಲಿ ಬರೆದರೆ ಮಕ್ಕಳಿಗೆ ಹತ್ತು ಕೆ.ಜಿ. ಏನೆಂದು ತಾನಾಗಿ ತಿಳಿಯುತ್ತದೆ. ಅರ್ಧ ಗಂಟೆಗೊಮ್ಮೆ ಒಬ್ಬ ಹುಡುಗ ಬಂದು ಮುಳ್ಳು ತಿರುಗಿಸುತ್ತಿದ್ದರೆ "ಯಾವಾಗ ಬಿಡ್ತಾರ್ರೀ" ಕೇಳುವವರು ಅರ್ಧಕ್ಕರ್ಧ ಕಡಿಮೆ. ಸರದಿ ಸಾಲಿನ ಹತ್ತಿರ ಮಾತಾಡಲು ಬರುವ ಒಬ್ಬರು ಇರಲೇಬೇಕು, ಅವರ ಕೈಗೆ ಬೇರೆ ಕೆಲಸ ಕೊಡಬಾರದು. ಚಾಲಕ ಮತ್ತು ಫೈರ್‌ಮ್ಯಾನ್ ಪ್ರಶ್ನೆಗಳಿಗೆ ಉತ್ತರಿಸುವುದು ಬಂಡಿ ನಿಂತಾಗ ಮಾತ್ರ.

ಹತ್ತಿಸುವಾಗ ಸೆರಗು, ದುಪಟ್ಟಾ ಒಳಗೆ ಸಿಕ್ಕಿಸಿಕೊಳ್ಳಲು ಹೇಳಿ. ಐದು ಇಂಚಿನ ಬಂಡಿಯಲ್ಲಿ ಎರಡೂ ಕಡೆ ಕಾಲು ಇಳಿಬಿಟ್ಟು ಕೂರುತ್ತಾರೆ. ಒಬ್ಬರು ಪಕ್ಕಕ್ಕೆ ವಾಲಿ ಫೋಟೊ ತೆಗೆದರೂ ಡಬ್ಬಿ ಹಳಿ ಬಿಡಬಹುದು. ಕಿಡಿ ಬೀಳುತ್ತದೆ, ರೇಷ್ಮೆ ಮತ್ತು ನೈಲಾನ್ ಬಟ್ಟೆಯವರು ಹಿಂದಿನ ಡಬ್ಬಿಗೆ. ಫೆಬ್ರವರಿಯಿಂದ ಮೇವರೆಗೆ ಹಳಿ ಪಕ್ಕದ ಹುಲ್ಲು ಒಣಗಿರುತ್ತದೆ. ಸ್ಮೋಕ್‌ಬಾಕ್ಸಿನಲ್ಲಿ ಕಿಡಿ ತಡೆಯುವ ಜಾಲರಿ ಇದ್ದರೂ ಹಸಿ ಗೋಣಿಚೀಲ ಹಿಡಿದ ಒಬ್ಬರು ಹಿಂದೆ ನಡೆಯಲಿ. ಗುಲ್‌ಮೊಹರ್ ಉದುರುವ ಕಾಲದಲ್ಲಿ ಬೆಳಿಗ್ಗೆ ಹಳಿ ಗುಡಿಸಲೇಬೇಕು, ಅರೆದ ಎಸಳಿನ ಮೇಲೆ ಗಾಲಿ ಜಾರುತ್ತಲೇ ಇರುತ್ತದೆ, ಬ್ರೇಕೂ ಹಿಡಿಯುವುದಿಲ್ಲ.

ಎಂಜಿನ್ ಕೆಟ್ಟ ದಿನ ಡೀಸೆಲ್ ಹಚ್ಚುವುದು ತಪ್ಪಲ್ಲ, ಮುಚ್ಚಿಡುವುದು ತಪ್ಪು. "ಇಂದು ಉಗಿ ಇಲ್ಲ" ಅಂತ ಟಿಕೆಟ್ ಕಿಟಕಿಯ ಮೇಲೆ ದೊಡ್ಡದಾಗಿ ಬರೆದು, ಕಾರಣವನ್ನೂ ಬರೆದು, ದರ ಇಳಿಸಿ, ಮೊದಲೇ ತೆಗೆದುಕೊಂಡವರಿಗೆ ದುಡ್ಡು ವಾಪಸ್ ಕೊಡಿ. "ಟ್ಯೂಬ್ ಜಿನುಗುತ್ತಿದೆ" ಅನ್ನುವ ಎರಡು ಪದಕ್ಕೆ ಜನ ಗೌರವ ಕೊಡುತ್ತಾರೆ. "ತಾಂತ್ರಿಕ ಕಾರಣ" ಅಂದರೆ ಸಿಟ್ಟಾಗುತ್ತಾರೆ. ವಾರಾಂತ್ಯಗಳಲ್ಲೆಲ್ಲ ಉಗಿ ಅಂತ ಹೇಳಿ ಅರ್ಧ ತಪ್ಪಿಸುವುದಕ್ಕಿಂತ ತಿಂಗಳಿಗೆ ಒಂದು ಭಾನುವಾರ ಇಟ್ಟುಕೊಂಡು ಅದನ್ನು ಉಳಿಸಿಕೊಳ್ಳುವುದು ಎಷ್ಟೋ ಮೇಲು.

ಕಟ್ಟೆಯ ಮೇಲೆ ನಿಲ್ಲಿಸಿದ ಹಳೆಯ ಎಂಜಿನ್ ತೋರಿಸಿ "ಇದನ್ನೇ ಓಡಿಸಬಹುದಲ್ಲ, ಬಣ್ಣ ಹೊಸದಾಗೇ ಇದೆಯಲ್ಲ" ಅನ್ನುವವರು ಪ್ರತಿಸಲ ಇರುತ್ತಾರೆ. ಬಣ್ಣ ಹೊರಗಿನದು. ಒಳಗೆ ತಗಡು ಎಷ್ಟು ತೆಳುವಾಗಿದೆ ಅನ್ನುವುದು ಅಲ್ಟ್ರಾಸಾನಿಕ್ ಅಳತೆ ಮಾಡಿದ ಮೇಲೇ ಗೊತ್ತಾಗುವುದು. ಮೇಲಿನ ಹೊದಿಕೆಯಲ್ಲಿ ಕಲ್ನಾರು ಇದ್ದರೆ ಮುಟ್ಟುವುದಕ್ಕೇ ಬೇರೆ ವ್ಯವಸ್ಥೆ ಬೇಕು. ಮಾದರಿ ಬಾಯ್ಲರ್ ಕಟ್ಟುವವರಲ್ಲಿ ಹೊಸದನ್ನು ಕೆಲಸದ ಒತ್ತಡದ ಎರಡು ಪಟ್ಟಿಗೆ, ಆಮೇಲಿನ ಪರೀಕ್ಷೆಗಳಲ್ಲಿ ಒಂದೂವರೆ ಪಟ್ಟಿಗೆ ತಣ್ಣೀರಿನಿಂದ ಪರೀಕ್ಷಿಸುವ ರೂಢಿಯಿದೆ. ನೀರಿನಿಂದ ಯಾಕೆ ಅಂದರೆ ಎಲ್ಲಾದರೂ ಬಿಟ್ಟುಕೊಂಡರೆ ಹನಿ ಬೀಳುತ್ತದೆ ಅಷ್ಟೆ, ಸಿಡಿಯುವುದಿಲ್ಲ. ಬೆಂಕಿ ಜೋರಾಗಿಟ್ಟು, ಸೇಫ್ಟಿ ವಾಲ್ವ್ ಎದ್ದ ಮೇಲೂ ಒತ್ತಡ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಏರುವುದಿಲ್ಲ ಎಂಬುದನ್ನೂ ನೋಡಬೇಕು.

ನಾಲ್ಕೂವರೆಗೆ ಇನ್ನೊಂದು ಸುತ್ತು ಕೇಳುವವರಿಗೆ ಇಲ್ಲ ಎನ್ನಲೇಬೇಕು. ಕೊನೆಯ ಓಟದ ನಂತರ ಬಾಯ್ಲರ್ ತುಂಬಿಸಿ, ಬೆಂಕಿ ಇಳಿಸಿ, ಕೆಳಗಿನಿಂದ ಗಾಳಿ ಬಿಡುವ ಡ್ಯಾಂಪರ್ ಮುಚ್ಚಿ, ಹೊಗೆ ಕೊಳವೆಗೆ ಮುಚ್ಚಳ ಹಾಕಬೇಕು; ಬಿಸಿ ಟ್ಯೂಬುಗಳಿಗೆ ತಣ್ಣನೆ ಗಾಳಿ ಹೊಡೆದರೆ ತುದಿಗಳು ಸಡಿಲವಾಗುತ್ತವೆ. ಇದನ್ನೂ ಹಗ್ಗದಾಚೆಯಿಂದ ನೋಡಲು ಬಿಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಓಟ ನಿಲ್ಲಿಸಿ ಬಾಯ್ಲರ್ ತೊಳೆಯುವುದು ನಮ್ಮ ಹವೆಗೆ ಹೊಂದುವ ಕ್ರಮ. ತೊಳೆಯಲೆಂದೇ ಇರುವ ಪ್ಲಗ್ಗುಗಳನ್ನು ಬಿಚ್ಚಿ ಒತ್ತಡದ ನೀರಿನಿಂದ ತಳದ ಕೆಸರು ಹೊರತೆಗೆಯಿರಿ, ಫೈರ್‌ಬಾಕ್ಸಿನ ಸುತ್ತ ಕೆಳಮೂಲೆಗಳಲ್ಲಿ ಅದು ಹೆಚ್ಚು ಕೂತಿರುತ್ತದೆ. ಆಮೇಲೆ ಎರಡರಲ್ಲಿ ಒಂದು: ಪೂರ್ತಿ ಒಣಗಿಸಿ ಒಳಗೆ ಸಿಲಿಕಾ ಜೆಲ್ ಇಟ್ಟು ಮುಚ್ಚುವುದು, ಇಲ್ಲವೇ ಶುದ್ಧೀಕರಿಸಿದ ನೀರನ್ನು ಗಾಳಿಗೆ ಜಾಗವಿಲ್ಲದಂತೆ ಕಂಠಮಟ್ಟ ತುಂಬಿಡುವುದು. ಅರ್ಧ ತುಂಬಿದ ಬಾಯ್ಲರ್ ನೀರಿನ ಗೆರೆಯಲ್ಲೇ ತುಕ್ಕು ತಿನ್ನುತ್ತದೆ. ಮುಂಬೈ, ಗೋವಾದ ಉಪ್ಪುಗಾಳಿಯಲ್ಲಿ ಹೊರಗಿನ ಪೈಪು, ನಟ್ಟುಗಳಿಗೂ ಗ್ರೀಸ್ ಬಳಿಯದೆ ಬಿಡಬಾರದು. ಮಳೆಗಾಲದಲ್ಲೂ ಜನ ಬರುತ್ತಾರಾದ್ದರಿಂದ ಬಿಚ್ಚಿದ ಪ್ಲಗ್ಗುಗಳು, ತೆಗೆದ ಸುಣ್ಣದ ಚೂರು, ಒಂದು ಹಳೆಯ ಟ್ಯೂಬಿನ ಸೀಳು ಇವನ್ನೆಲ್ಲ ಮೇಜಿನ ಮೇಲೆ ಜೋಡಿಸಿ, ಅಕ್ಟೋಬರ್‌ನಿಂದ ಮುಂದಿನ ಮೇವರೆಗಿನ ಉಗಿ ಭಾನುವಾರಗಳ ದಿನಾಂಕಗಳನ್ನು ಅದರ ಪಕ್ಕದಲ್ಲೇ ಹಚ್ಚಿ.